ಶೇವಿಂಗ್ ಬ್ರಷ್ಷು ಮತ್ತು ನೀರಿನ ಲೆಕ್ಕ

ಒಣಗಿದ ಗಡ್ಡದ ಕೂದಲು ಗಡುಸು. ಅದೇ ಕೂದಲು ಎರಡು ಮೂರು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆದರೆ ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬ್ಲೇಡಿಗೆ ಹೆಚ್ಚು ಬಲವಿಲ್ಲದೆ ಸಿಗುತ್ತದೆ. ಹಳೆಯ ಪದ್ಧತಿಯ ಶೇವಿಂಗಿನಲ್ಲಿ ಬ್ರಷ್ಷು, ಸೋಪು, ಬಟ್ಟಲು ಎಲ್ಲವೂ ಇರುವುದು ಇದೊಂದು ಕೆಲಸಕ್ಕೆ: ನೀರನ್ನು ಕೂದಲ ಬುಡಕ್ಕೆ ಮುಟ್ಟಿಸಿ, ಬ್ಲೇಡು ಹಾದುಹೋಗುವವರೆಗೂ ಅಲ್ಲೇ ಹಿಡಿದಿಡುವುದು. ಕೆನ್ನೆ ಉರಿಯುತ್ತದೆ, ಕುತ್ತಿಗೆಯಲ್ಲಿ ಕೆಂಪು ಗುಳ್ಳೆ ಏಳುತ್ತವೆ, ನೊರೆ ಅರ್ಧಕ್ಕೇ ಒಣಗುತ್ತದೆ, ಬ್ಲೇಡು ಎಳೆಯುತ್ತದೆ ಎಂಬ ದೂರುಗಳಲ್ಲಿ ಹೆಚ್ಚಿನವು ಈ ನೀರಿನ ಲೆಕ್ಕ ತಪ್ಪಿದ್ದರಿಂದ ಬಂದವು. ಬ್ಲೇಡಿನ ಕಂಪನಿ ಬದಲಿಸುವ ಮೊದಲು, ದುಬಾರಿ ರೇಜರ್ ಕೊಳ್ಳುವ ಮೊದಲು, ಈ ಲೆಕ್ಕ ಕಲಿತುಕೊಳ್ಳುವುದು ಲಾಭ.

ಯಾವ ಕೂದಲಿನ ಬ್ರಷ್ಷು

ಬ್ರಷ್ಷಿಗೆ ಇರುವುದು ಎರಡು ಭಾಗ, ಹಿಡಿ ಮತ್ತು ಕುಚ್ಚು. ಕೂದಲುಗಳ ಬುಡವನ್ನು ಅಂಟಿನಲ್ಲಿ ಒಟ್ಟಿಗೆ ಕೂರಿಸಿ ಕುಚ್ಚು ಮಾಡುತ್ತಾರೆ, ಆ ಕುಚ್ಚನ್ನು ಹಿಡಿಯ ಗುಳಿಯೊಳಗೆ ಇನ್ನೊಮ್ಮೆ ಅಂಟಿಸುತ್ತಾರೆ. ಕೊಳ್ಳುವಾಗ ನೋಡಬೇಕಾದ ಅಳತೆಗಳೂ ಎರಡು: ಬುಡದಲ್ಲಿ ಕುಚ್ಚಿನ ವ್ಯಾಸ, ಮತ್ತು ಹಿಡಿಯ ಅಂಚಿನಿಂದ ಕೂದಲ ತುದಿಯವರೆಗಿನ ಎತ್ತರ. 24 ಮಿ.ಮೀ. ವ್ಯಾಸ, 50ರಿಂದ 55 ಮಿ.ಮೀ. ಎತ್ತರ ಇದ್ದರೆ ಬಹುತೇಕ ಮುಖಗಳಿಗೆ ಸರಿಹೋಗುತ್ತದೆ. ಎತ್ತರ ಕಡಿಮೆಯಾದಷ್ಟೂ ಕುಚ್ಚು ಬಿಗಿ, ಮುಖದ ಮೇಲೆ ಒತ್ತು ಜಾಸ್ತಿ. ಎತ್ತರ ಹೆಚ್ಚಾದಷ್ಟೂ ಮೆತ್ತಗೆ, ಬಟ್ಟಲಿನಲ್ಲಿ ತಿರುಗಿಸಲು ಆರಾಮ, ಆದರೆ ಮುಖದ ಮೇಲೆ ಜೋಲಾಡುತ್ತದೆ. ಹಿಡಿ ಒದ್ದೆ ಕೈಯಲ್ಲಿ ಜಾರದ ಹಾಗೆ ನಡುವೆ ಸಣ್ಣಗಾಗಿರಬೇಕು. ಮರದ ಹಿಡಿ ನೋಡಲು ಚೆಂದ, ಆದರೆ ವಾರ್ನಿಶ್ ಎದ್ದ ಜಾಗದಲ್ಲಿ ನೀರು ಕುಡಿದು ಸೀಳುತ್ತದೆ. ಗಟ್ಟಿ ರಾಳದ ಹಿಡಿಗೆ ಆ ತಾಪತ್ರಯ ಇಲ್ಲ.

ಕೂದಲಿನಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಹಂದಿ ಕೂದಲಿನದನ್ನು ಮಾರುಕಟ್ಟೆಯಲ್ಲಿ ಬೋರ್ ಬ್ರಷ್ ಅನ್ನುತ್ತಾರೆ. ಇಟಲಿಯ ಒಮೆಗಾ, ಪೋರ್ಚುಗಲ್‌ನ ಸೆಮೋಗ್ ಕಂಪನಿಗಳ ಹೆಸರು ನಿಂತಿರುವುದು ಇದರ ಮೇಲೆಯೇ. ಈ ಕೂದಲು ಸ್ವತಃ ನೀರು ಹೀರುತ್ತದೆ. ಒಣಗಿದಾಗ ಪೊರಕೆಕಡ್ಡಿಯಂತೆ ಚುಚ್ಚಿದರೂ ನೆನೆದ ಮೇಲೆ ಬಾಗುತ್ತದೆ, ಬುಡದಲ್ಲಿ ಮಾತ್ರ ಬಿಗಿ ಉಳಿಸಿಕೊಳ್ಳುತ್ತದೆ. ಗಟ್ಟಿ ಸೋಪನ್ನು ಕೆರೆದು ತೆಗೆಯಲು ಇದಕ್ಕಿಂತ ಒಳ್ಳೆಯದಿಲ್ಲ.

ಬ್ಯಾಜರ್ ಕೂದಲಿನದು ಎರಡನೆಯದು. ಬಿಲ ತೋಡಿ ಬದುಕುವ ಬ್ಯಾಜರ್ ಎಂಬ ಪ್ರಾಣಿಯ ಕೂದಲು, ಹೆಚ್ಚಿನದು ಚೀನಾದಿಂದ ಬರುತ್ತದೆ. ಕೂದಲಿನೊಳಕ್ಕಿಂತ ಕೂದಲುಗಳ ಸಂದಿನಲ್ಲಿ ಬಹಳಷ್ಟು ನೀರು ಹಿಡಿದಿಡುವುದು ಇದರ ಗುಣ. 1919ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಿಂಪ್ಸನ್‌ನಂಥ ಕಂಪನಿಗಳು ಬೆಳೆದದ್ದು ಬ್ಯಾಜರ್ ಬ್ರಷ್ಷಿನಿಂದ. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂದು ದರ್ಜೆ ಹೇಳುತ್ತಾರಲ್ಲ, ಅವಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಯಾವುದೂ ಇಲ್ಲ. ಒಬ್ಬರ ಬೆಸ್ಟ್ ಇನ್ನೊಬ್ಬರ ಸೂಪರ್ ಆಗಿರಬಹುದು. ಆದ್ದರಿಂದ ದರ್ಜೆಯ ಹೆಸರು ನೋಡಿ ದುಡ್ಡು ಸುರಿಯಬೇಡಿ.

ಮೂರನೆಯದು ಸಿಂಥೆಟಿಕ್. ಹತ್ತಿಪ್ಪತ್ತು ವರ್ಷ ಹಿಂದಿನ ನೈಲಾನ್ ಬ್ರಷ್ಷುಗಳಿಗೂ ಈಗಿನವಕ್ಕೂ ಹೋಲಿಕೆಯೇ ಇಲ್ಲ. ಈಗಿನ ನೂಲುಗಳ ತುದಿ ಬಹಳ ತೆಳು, ಮುಖಕ್ಕೆ ಮೆತ್ತಗೆ. ನೀರು ಹೀರುವುದಿಲ್ಲ, ನೆನೆಸುವ ಅಗತ್ಯವಿಲ್ಲ, ಬೇಗ ಒಣಗುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆ, ಮಲೆನಾಡಿನ ಮಳೆಗಾಲದಲ್ಲಿ, ಪ್ರಾಣಿಯ ಕೂದಲಿನ ಬ್ರಷ್ಷು ದಿನಗಟ್ಟಲೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅಂಥ ಕಡೆ ಇರುವವರಿಗೆ ಸಿಂಥೆಟಿಕ್ ಒಳ್ಳೆಯದು. ಪ್ರಾಣಿಯ ಕೂದಲು ಬೇಡ ಎನ್ನುವವರಿಗೂ ಈಗ ಗುಣಮಟ್ಟದಲ್ಲಿ ರಾಜಿಯಾಗಬೇಕಿಲ್ಲ.

ಎರಡು ಮೂರು ಬೇಡ, ಒಂದೇ ಬ್ರಷ್ಷು ಸಾಕು, ಬಯಲುಸೀಮೆಯಲ್ಲಿ ವಾಸ ಎನ್ನುವವರಿಗೆ ನನ್ನ ಆಯ್ಕೆ ಬೋರ್. ಬೆಲೆ ಕಡಿಮೆ, ಆಯುಷ್ಯ ಹೆಚ್ಚು, ಬಳಸಿದಷ್ಟೂ ಹದವಾಗುತ್ತದೆ.

ಕುದುರೆ ಕೂದಲಿನ ಬ್ರಷ್ಷೂ ಉಂಟು. ಅದಕ್ಕೊಂದು ಕರಾಳ ಇತಿಹಾಸವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ಯಾಜರ್ ಕೂದಲು ಸಿಗದೆ, ಸರಿಯಾಗಿ ಸೋಂಕು ಕಳೆಯದ ಕುದುರೆ ಕೂದಲಿನಿಂದ ಅಗ್ಗದ ಬ್ರಷ್ಷು ಮಾಡಿ ಮಾರಿದರು. ಬ್ರಿಟನ್ ಮತ್ತು ಅಮೆರಿಕದಲ್ಲಿ ಅದನ್ನು ಬಳಸಿದ ಸೈನಿಕರಿಗೂ ಜನರಿಗೂ ಆಂಥ್ರಾಕ್ಸ್ ಎಂಬ ಮಾರಕ ಸೋಂಕು ತಗಲಿತು, ಕೆಲವರು ಸತ್ತರು. ಬ್ಲೇಡು ಗೀರಿದ ಚರ್ಮದ ಮೇಲೆ ಸೋಂಕಿನ ಕೂದಲು ಉಜ್ಜಿದರೆ ಇನ್ನೇನಾಗುತ್ತದೆ. ಈಗ ಒಳ್ಳೆಯ ತಯಾರಕರು ಕೂದಲನ್ನು ಶುದ್ಧಗೊಳಿಸಿಯೇ ಕಟ್ಟುತ್ತಾರೆ. ಆದರೂ ಯಾರೋ ಬಳಸಿ ಬಿಟ್ಟ, ಮೂಲ ಗೊತ್ತಿಲ್ಲದ ಹಳೆಯ ಬ್ರಷ್ಷನ್ನು ಸಂತೆಯಲ್ಲಿ ಕೊಂಡು ಹಾಗೇ ಮುಖಕ್ಕೆ ಹಚ್ಚುವುದು ಬೇಡ. ಹಿಡಿ ಇಷ್ಟವಾದರೆ ಅದನ್ನು ಉಳಿಸಿಕೊಂಡು ಹೊಸ ಕುಚ್ಚು ಹಾಕಿಸಿ.

ಹೊಸ ಬೋರ್ ಬ್ರಷ್ಷನ್ನು ಪಳಗಿಸುವುದು

ಹೊಸ ಬೋರ್ ಬ್ರಷ್ಷು ಕೈಗೆ ಬಂದ ದಿನ ಬಹಳ ಜನ ಬೇಸರಪಡುತ್ತಾರೆ. ಮೂಗಿಗೆ ಹೊಡೆಯುವ ವಾಸನೆ, ಚುಚ್ಚುವ ತುದಿ, ನೊರೆಯನ್ನೆಲ್ಲ ತಾನೇ ನುಂಗುವ ಕುಚ್ಚು. ಇದು ದೋಷವಲ್ಲ. ಹಂದಿ ಕೂದಲಿನ ತುದಿಗಳು ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ ಒಣಗುತ್ತ ಸೀಳಿ ಕವಲೊಡೆಯುತ್ತವೆ. ಹಾಗೆ ಸೀಳಿದ ಮೇಲೆಯೇ ಮುಖಕ್ಕೆ ಮೆತ್ತಗೆನಿಸುವುದು. ಇದಕ್ಕೆ ಹದಿನೈದು ಇಪ್ಪತ್ತು ಬಾರಿಯ ಬಳಕೆ ಬೇಕು.

ಮೊದಲ ದಿನ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ ಹಾಕಿ ಕುಚ್ಚನ್ನು ಅಂಗೈಯಲ್ಲಿ ತಿರುಗಿಸಿ ತೊಳೆಯಿರಿ. ಆಮೇಲೆ ಸಾಧಾರಣ ಶೇವಿಂಗ್ ಸೋಪಿನಿಂದ ಅಂಗೈಯಲ್ಲೇ ನೊರೆ ಕಟ್ಟಿ, ಹತ್ತು ನಿಮಿಷ ನೊರೆಯ ಸಮೇತ ಬಿಟ್ಟು ತೊಳೆದು ಒಣಗಲು ಇಡಿ. ಮರುದಿನ ಮತ್ತೆ ಹಾಗೇ ಮಾಡಿ. ಒಂದೇ ದಿನ ಐದು ಸಲ ಮಾಡಿದರೆ ಪ್ರಯೋಜನವಿಲ್ಲ, ನಡುವೆ ಪೂರ್ತಿ ಒಣಗಲೇಬೇಕು. ವಾರದೊಳಗೆ ವಾಸನೆ ಹೋಗುತ್ತದೆ. ಮೊದಲ ಕೆಲವು ಬಾರಿ ನಾಲ್ಕಾರು ಕೂದಲು ಉದುರುವುದು ಸಹಜ, ಬುಡದಲ್ಲಿ ಅಂಟು ಹತ್ತದೆ ಉಳಿದ ಕೂದಲುಗಳವು. ತಿಂಗಳಾದರೂ ಪ್ರತಿ ಸಲ ಉದುರುತ್ತಿದ್ದರೆ, ಗುಂಪಾಗಿ ಕಿತ್ತು ಬಂದರೆ ಅಂಟು ಕೈಕೊಟ್ಟಿದೆ ಎಂದರ್ಥ. ವಾಪಸ್ ಕೊಡಿ.

ಬೋರ್ ಬ್ರಷ್ಷನ್ನು ಪ್ರತಿ ಸಲ ಬಳಸುವ ಮೊದಲು ಮೂರರಿಂದ ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ಸ್ನಾನಕ್ಕೆ ಹೋಗುವ ಮುಂಚೆ ಲೋಟದಲ್ಲಿ ಇಟ್ಟು ಹೋದರೆ ಸ್ನಾನ ಮುಗಿಯುವಷ್ಟರಲ್ಲಿ ಸಿದ್ಧ. ಕುಚ್ಚು ಮಾತ್ರ ಮುಳುಗಲಿ, ಹಿಡಿಯ ಅಂಚಿನವರೆಗೆ ನೀರು ಬರಬಾರದು. ಕುದಿಯುವ ನೀರು ಎಂದಿಗೂ ಬೇಡ, ಕೂದಲೂ ಹಾಳು, ಅಂಟೂ ಸಡಿಲ. ಕೈಯಿಟ್ಟರೆ ಹಿತವೆನಿಸುವ ಬಿಸಿ ಸಾಕು. ಬ್ಯಾಜರ್‌ಗೆ ಅರ್ಧ ನಿಮಿಷ ಅದ್ದಿದರೆ ಆಯಿತು. ಸಿಂಥೆಟಿಕ್ಕನ್ನು ಸುಮ್ಮನೆ ತೋಯಿಸಿ ಕೊಡವಿದರೆ ಮುಗಿಯಿತು.

ಗಡಸು ನೀರು

ಹೊರದೇಶದವರು ಮಾಡಿ ತೋರಿಸುವ ವಿಡಿಯೊ ನೋಡಿ ಅದೇ ಸೋಪು, ಅದೇ ಬ್ರಷ್ಷು ತರಿಸಿಕೊಂಡು ಇಲ್ಲಿ ನೊರೆ ಬರದೆ ಕೈಚೆಲ್ಲಿದವರು ತುಂಬ ಇದ್ದಾರೆ. ತಪ್ಪು ಅವರ ಕೈಯದಲ್ಲ, ನಲ್ಲಿಯ ನೀರಿನದು.

ಸೋಪು ಎಂದರೆ ಕೊಬ್ಬಿನ ಆಮ್ಲದ ಲವಣ. ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಕೊಬ್ಬಿನ ಆಮ್ಲವನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ಬೂದು ಗಸಿಯಾಗಿಬಿಡುತ್ತವೆ. ಬಚ್ಚಲ ಬಕೆಟ್ಟಿನ ಅಂಚಿಗೆ ಅಂಟುವ ಜಿಡ್ಡು ಅದೇ. ಹಾಕಿದ ಸೋಪಿನ ಒಂದು ಪಾಲು ಹೀಗೆ ಹಾಳಾದ ಮೇಲೆ ಉಳಿದದ್ದಷ್ಟೇ ನೊರೆಗೆ ಸಿಗುತ್ತದೆ. ನೊರೆ ತೆಳುವಾಗುತ್ತದೆ, ಮುಖದ ಮೇಲೆ ಒಂದೇ ನಿಮಿಷದಲ್ಲಿ ಸಿಡಿದು ಮಾಯವಾಗುತ್ತದೆ. ಆ ಗಸಿ ಬ್ರಷ್ಷಿನ ಬುಡದಲ್ಲೂ ಕೂತು ಕುಚ್ಚನ್ನು ಬಿರುಸು ಮಾಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ. ಬೆಂಗಳೂರಿನಲ್ಲೇ ಕಾವೇರಿ ನೀರು ಬರುವ ಮನೆಯಲ್ಲಿ ಸಲೀಸಾಗಿ ಏಳುವ ನೊರೆ, ಬೋರ್‌ವೆಲ್ಲನ್ನೇ ನಂಬಿದ ಅಪಾರ್ಟ್‌ಮೆಂಟಿನಲ್ಲಿ ಏಳುವುದಿಲ್ಲ. ಗೀಸರಿನ ಕಾಯಿಲಿನ ಮೇಲೆ ಬಿಳಿ ಸುಣ್ಣದ ಹೊಪ್ಪಳೆ ಕಟ್ಟುತ್ತಿದ್ದರೆ ನಿಮ್ಮ ನೀರು ಯಾವ ಜಾತಿಯದೆಂದು ಬೇರೆ ಪರೀಕ್ಷೆ ಬೇಕಿಲ್ಲ.

ಪರಿಹಾರ ಸುಲಭ. ಒಂದು ಶೇವಿಗೆ ನೊರೆಯೊಳಗೆ ಸೇರುವ ನೀರು ಎರಡು ಮೂರು ಟೇಬಲ್ ಚಮಚಕ್ಕಿಂತ ಹೆಚ್ಚಿಲ್ಲ. ಬ್ರಷ್ಷು ನೆನೆಸಲು, ನೊರೆ ಕಟ್ಟಲು ಆರ್‌ಒ ಫಿಲ್ಟರಿನ ನೀರು ಒಂದು ಲೋಟ ಬೆಚ್ಚಗೆ ಮಾಡಿಕೊಳ್ಳಿ. ಹಿಡಿದಿಟ್ಟ ಮಳೆನೀರು ಇದ್ದರೆ ಅದೂ ಒಳ್ಳೆಯದು. ಮುಖ ತೊಳೆಯಲು, ರೇಜರ್ ಜಾಲಾಡಲು ನಲ್ಲಿ ನೀರೇ ಆಗುತ್ತದೆ. ಫಿಲ್ಟರ್ ಇಲ್ಲದವರು ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಗಸಿ ಕದಡದಂತೆ ಮೇಲಿನ ನೀರು ಬಗ್ಗಿಸಿಕೊಂಡರೆ ಗಡಸುತನ ಒಂದಷ್ಟು ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಕುದಿಸಿದರೆ ಇಳಿಯುವುದು ಬೈಕಾರ್ಬನೇಟಿನಿಂದ ಬಂದ ಪಾಲು ಮಾತ್ರ. ಇದ್ಯಾವುದೂ ಆಗದಿದ್ದರೆ ಸೋಪನ್ನು ಎರಡರಷ್ಟು ಬಳಸುವುದೇ ದಾರಿ.

ಸೋಪೋ ಕ್ರೀಮೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಡ. ಅಂಗಡಿಯಲ್ಲಿ ಸಿಗುವ ಟ್ಯೂಬಿನ ಕ್ರೀಮಿನಿಂದಲೂ ಒಳ್ಳೆಯ ನೊರೆ ಬರುತ್ತದೆ, ಕಲಿಯುವವರಿಗೆ ಅದೇ ಸುಲಭ. ಗಟ್ಟಿ ಸೋಪಿನ ನೊರೆ ಹೆಚ್ಚು ದಟ್ಟ, ಹೆಚ್ಚು ಜಾರು. ಸ್ನಾನದ ಸೋಪು ಮಾತ್ರ ಬೇಡ. ಮೈಸೂರು ಸ್ಯಾಂಡಲ್ ಎಷ್ಟೇ ಒಳ್ಳೆಯ ಸೋಪಾದರೂ ಅದು ಮೈಗೆ ಹಚ್ಚಿ ತೊಳೆದುಬಿಡಲು ಮಾಡಿದ್ದು. ಸ್ನಾನದ ಸೋಪಿನಲ್ಲಿ ಇರುವುದು ಹೆಚ್ಚಾಗಿ ಸೋಡಿಯಂ ಲವಣ, ಅದರ ನೊರೆ ಬೇಗ ಎದ್ದು ಬೇಗ ಇಳಿಯುತ್ತದೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲವನ್ನು ಪೊಟ್ಯಾಷಿಯಂ ಕ್ಷಾರದೊಂದಿಗೂ ಕೂಡಿಸಿರುತ್ತಾರೆ, ಆದ್ದರಿಂದ ನೊರೆಯ ಗುಳ್ಳೆ ಸಣ್ಣ, ನಿಲ್ಲುವ ಕಾಲ ಹೆಚ್ಚು.

ನೊರೆ ಕಟ್ಟುವುದು

ಮೊದಲು ಮುಖ. ಸ್ನಾನ ಮಾಡಿ ಬಂದಿದ್ದರೆ ಒರೆಸಿಕೊಳ್ಳದೆ ಹಾಗೇ ಬನ್ನಿ. ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಎರಡು ನಿಮಿಷ ಗಡ್ಡದ ಮೇಲೆ ಒತ್ತಿಟ್ಟುಕೊಳ್ಳಿ. ಮುಖಕ್ಕೆ ಎಣ್ಣೆ ಹಚ್ಚುವ ರೂಢಿ ಕೆಲವರಿಗಿದೆ. ಹೆಚ್ಚಾದರೆ ಅದು ನೊರೆಯನ್ನು ಕೊಲ್ಲುತ್ತದೆ, ಕೂದಲಿಗೆ ನೀರು ಮುಟ್ಟದಂತೆ ತಡೆಯುತ್ತದೆ. ಬಿಡುವುದೇ ವಾಸಿ.

ನೆನೆದ ಬ್ರಷ್ಷನ್ನು ಎತ್ತಿ, ಹಿಂಡದೆ, ಎರಡು ಸಲ ಕೊಡವಿ. ತೊಟ್ಟಿಕ್ಕುವುದು ನಿಂತಿರಬೇಕು, ಒಳಗೆ ತೇವ ಉಳಿದಿರಬೇಕು. ಗಟ್ಟಿ ಸೋಪಾದರೆ ಅದರ ಮೇಲೆ ಮೂವತ್ತು ಸೆಕೆಂಡು ತಿರುಗಿಸಿ, ನೀರು ಗಡಸಾಗಿದ್ದರೆ ಒಂದು ನಿಮಿಷ. ಇಲ್ಲಿ ಅವಸರ ಮಾಡುವುದೇ ಮೊದಲ ತಪ್ಪು. ಮೊದಲು ದೊಡ್ಡ ಗುಳ್ಳೆಗಳು ಬರುತ್ತವೆ, ಅದನ್ನು ನೋಡಿ ಸೋಪು ಸಾಕೆಂದು ನಿಲ್ಲಿಸಬೇಡಿ. ಕುಚ್ಚಿನ ತುದಿಯಲ್ಲಿ ಗುಳ್ಳೆಯಿಲ್ಲದ ದಪ್ಪ ಕೆನೆ ಅಂಟಿಕೊಳ್ಳುವವರೆಗೆ ತಿರುಗಿಸಿ. ಕ್ರೀಮಾದರೆ ಎರಡು ಅವರೆಕಾಳಿನಷ್ಟು, ಅಂದರೆ ಸುಮಾರು 1 ಗ್ರಾಂ, ಕುಚ್ಚಿನ ನಡುವೆ ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ 70 ಗ್ರಾಮಿನ ಟ್ಯೂಬು 70 ಶೇವಿಗೆ ಬರುತ್ತದೆ. ಉದ್ದಕ್ಕೆ ಹಲ್ಲುಜ್ಜುವ ಪೇಸ್ಟಿನಂತೆ ಹಿಂಡುವ ಅಗತ್ಯವಿಲ್ಲ.

ಇನ್ನು ಬಟ್ಟಲಿನಲ್ಲೋ ನೇರ ಮುಖದ ಮೇಲೋ ನೊರೆ ಕಟ್ಟಬಹುದು. ಕಲಿಯುವಾಗ ಬಟ್ಟಲು ಒಳ್ಳೆಯದು, ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಒಂದು ನಿಮಿಷ ತಿರುಗಿಸಿ. ನೊರೆ ಇಡ್ಲಿ ಹಿಟ್ಟಿನಂತೆ ದಪ್ಪ, ಹೊಳಪಿಲ್ಲದೆ, ಬ್ರಷ್ಷೆತ್ತಿದರೆ ಅಂಟಂಟಾಗಿ ಮುಳ್ಳಿನಂತೆ ನಿಲ್ಲುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಮುಖಕ್ಕೆ ಹಚ್ಚುತ್ತಾರೆ. ನೋಡಲು ಸಮೃದ್ಧ, ಆದರೆ ಒಳಗೆ ನೀರಿಲ್ಲ. ಬ್ಲೇಡು ಇದರಲ್ಲಿ ಜಾರುವುದಿಲ್ಲ, ತಡವರಿಸುತ್ತದೆ. ಉರಿ ಶುರುವಾಗುವುದು ಇಲ್ಲಿಂದ.

ಈಗ ಅರ್ಧ ಟೀ ಚಮಚ ನೀರು ಹಾಕಿ, ಮತ್ತೆ ಇಪ್ಪತ್ತು ಸೆಕೆಂಡು ತಿರುಗಿಸಿ. ಮತ್ತೆ ಅರ್ಧ ಚಮಚ. ಹೀಗೆ ನಾಲ್ಕೈದು ಸಲ. ಪ್ರತಿ ಸಲವೂ ನೀರು ಪೂರ್ತಿ ಒಳಗೆ ಸೇರಿದ ಮೇಲೆಯೇ ಮುಂದಿನದು. ಒಂದು ಹಂತದಲ್ಲಿ ನೊರೆಯ ಮೇಲೆ ಹೊಳಪು ಬರುತ್ತದೆ, ಅಂಟು ಹೋಗುತ್ತದೆ, ಎತ್ತಿದ ಮುಳ್ಳಿನ ತುದಿ ತಲೆಬಾಗುತ್ತದೆ. ಕಡೆದ ಗಟ್ಟಿ ಮೊಸರಿನ ಹದ ಅನ್ನಿ. ಎರಡು ಬೆರಳ ನಡುವೆ ಉಜ್ಜಿ ನೋಡಿ: ಬೆರಳು ಒಂದನ್ನೊಂದು ಹಿಡಿಯದೆ ಸರ್ರನೆ ಜಾರಬೇಕು. ನೀರು ಮಿತಿ ಮೀರಿದರೆ ದೊಡ್ಡ ಗುಳ್ಳೆ ಕಾಣಿಸಿಕೊಂಡು ನೊರೆ ಕೆನ್ನೆಯಿಂದ ಇಳಿಯತೊಡಗುತ್ತದೆ. ಆಗ ಬ್ರಷ್ಷನ್ನು ಮತ್ತೆ ಹತ್ತು ಸೆಕೆಂಡು ಸೋಪಿನ ಮೇಲೆ ತಿರುಗಿಸಿ ಸೇರಿಸಿದರೆ ಸರಿಯಾಗುತ್ತದೆ. ಒಮ್ಮೆ ಬೇಕೆಂದೇ ನೀರು ಹೆಚ್ಚು ಮಾಡಿ ನೊರೆ ಕೆಡಿಸಿ ನೋಡಿ. ಮಿತಿ ಎಲ್ಲಿದೆಯೆಂದು ಹಾಗಲ್ಲದೆ ಗೊತ್ತಾಗುವುದಿಲ್ಲ.

ಮುಖಕ್ಕೆ ಹಚ್ಚುವಾಗ ಸಣ್ಣ ಸುತ್ತುಗಳಲ್ಲಿ ತಿರುಗಿಸಿ, ಮಲಗಿದ ಕೂದಲು ಎದ್ದು ಅದರ ಬುಡಕ್ಕೂ ನೊರೆ ಇಳಿಯುತ್ತದೆ. ಕೊನೆಗೆ ಗೋಡೆಗೆ ಸುಣ್ಣ ಬಳಿದಂತೆ ಮೇಲೆ ಕೆಳಗೆ ಎಳೆದು ಸಮ ಮಾಡಿ. ಕುಚ್ಚಿನ ತುದಿಯ ಮೂರನೇ ಒಂದು ಭಾಗ ಬಾಗುವಷ್ಟು ಒತ್ತಿದರೆ ಸಾಕು. ಬುಡದವರೆಗೆ ಅದುಮಿ ತಿರುಗಿಸಿದರೆ ನಡುವಿನ ಕೂದಲು ಮುರಿದು ಕುಚ್ಚಿನ ಮಧ್ಯೆ ಉದ್ದಿನ ವಡೆಯಂತೆ ತೂತು ಬೀಳುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ಬೇಸಿಗೆಯಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರಿನ ಒಣಗಾಳಿಯಲ್ಲಿ, ಫ್ಯಾನು ನಿಲ್ಲಿಸಿಯೇ ಶೇವಿಗೆ ಕೂರಬೇಕು. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದರ ನೊರೆ ಒಣಗಿದ್ದರೆ ಒದ್ದೆ ಬ್ರಷ್ಷನ್ನು ಮೇಲೊಮ್ಮೆ ಆಡಿಸಿ. ಒಣಗಿದ ನೊರೆಯ ಮೇಲೆ ಬ್ಲೇಡು ಬೇಡ.

ಬ್ಲೇಡು

ಎರಡಂಚಿನ ಬ್ಲೇಡು ಹಾಕುವ ಮೂರು ತುಂಡಿನ ರೇಜರ್ ಸಾಕು: ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿ. ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದಾಗಿನಿಂದ ಇದರ ಮೂಲ ತತ್ವ ಬದಲಾಗಿಲ್ಲ. ಬ್ಲೇಡನ್ನು ಅಂಚಿಲ್ಲದ ಚಿಕ್ಕ ಬದಿಗಳಲ್ಲಿ ಹಿಡಿದು ಮುಚ್ಚಳದ ಮೇಲಿಟ್ಟು, ತಟ್ಟೆ ಕೂರಿಸಿ, ಹಿಡಿ ತಿರುಗಿಸಿ ಬಿಗಿ ಮಾಡಿ. ಆಮೇಲೆ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಎರಡೂ ಕಡೆ ಬ್ಲೇಡಿನ ಅಂಚು ಒಂದೇ ಸಮ ಹೊರಗೆ ಕಾಣಬೇಕು. ಒಂದು ಬದಿ ಹೆಚ್ಚು ಚಾಚಿದ್ದರೆ ಆ ಬದಿ ಕೊಯ್ಯುತ್ತದೆ.

ಗಡ್ಡ ಯಾವ ದಿಕ್ಕಿಗೆ ಮಲಗಿದೆ ಎಂದು ಮೊದಲೇ ತಿಳಿದಿರಬೇಕು. ಎರಡು ದಿನದ ಗಡ್ಡದ ಮೇಲೆ ಬೆರಳ ತುದಿ ನಾಲ್ಕೂ ಕಡೆಗೆ ಎಳೆದು ನೋಡಿ, ನುಣುಪಾದ ಕಡೆ ಕೂದಲ ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯನ್ನು ನಂಬುವ ಹಾಗಿಲ್ಲ. ಅಲ್ಲಿ ಮೇಲ್ಮುಖವಾಗಿ, ಅಡ್ಡಡ್ಡವಾಗಿ ಬೆಳೆಯುತ್ತದೆ, ಕೆಲವರಿಗೆ ದವಡೆಯ ಕೆಳಗೆ ತಲೆಯ ಸುಳಿಯಂಥದೇ ಸುಳಿ ಇರುತ್ತದೆ. ಕುತ್ತಿಗೆಯ ಗುಳ್ಳೆಗಳಿಗೆ ಬಹುತೇಕ ಕಾರಣ, ಈ ಸುಳಿಯನ್ನು ಗಮನಿಸದೆ ಮೇಲಿನಿಂದ ಕೆಳಕ್ಕೆ ಒಂದೇ ಸಮ ಎಳೆಯುವುದು.

ಮುಚ್ಚಳವನ್ನು ಕೆನ್ನೆಗೆ ಚಪ್ಪಟೆಯಾಗಿ ತಾಗಿಸಿ, ಹಿಡಿ ಮುಖದಿಂದ ನೇರ ಹೊರಕ್ಕೆ ಚಾಚಿರಲಿ. ಹಿಡಿಯನ್ನು ನಿಧಾನಕ್ಕೆ ಇಳಿಸುತ್ತ ಬನ್ನಿ, ಬ್ಲೇಡು ಕೂದಲನ್ನು ಹಿಡಿಯುವ ಸದ್ದು ಕೇಳಿದಲ್ಲಿಗೆ ನಿಲ್ಲಿಸಿ. ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ ಆಗಿರುತ್ತದೆ. ಒತ್ತಬೇಡಿ, ರೇಜರಿನ ತೂಕ ಸಾಕು. ಬ್ಲೇಡುಗಳ ತಲೆಯನ್ನೇ ಇಡಿಯಾಗಿ ಬದಲಿಸುವ ಕಾರ್ಟ್ರಿಜ್ ರೇಜರಿನಿಂದ ಬಂದವರ ಕೈ ತಾನಾಗಿ ಒತ್ತುತ್ತದೆ, ಮೊದಲ ಎರಡು ವಾರ ಹಿಡಿಯ ತುದಿಯನ್ನು ಮೂರು ಬೆರಳಲ್ಲಿ ಹಗುರವಾಗಿ ಹಿಡಿಯುವುದು ಅದಕ್ಕೆ ಮದ್ದು. ಒಂದೊಂದು ಎಳೆತ ಎರಡು ಸೆಂಟಿಮೀಟರ್ ಮೀರದಿರಲಿ. ಎರಡು ಮೂರು ಎಳೆತಕ್ಕೊಮ್ಮೆ ಮಗುಚಿ ಇನ್ನೊಂದು ಅಂಚು ಬಳಸಿ, ಆಮೇಲೆ ನೀರಿನಲ್ಲಿ ಜಾಲಾಡಿ.

ಮೊದಲ ಸುತ್ತು ಕೂದಲ ದಿಕ್ಕಿಗೇ. ಮುಖ ತೊಳೆದು ಮತ್ತೆ ನೊರೆ ಹಚ್ಚಿ, ಎರಡನೆಯದು ಅಡ್ಡಕ್ಕೆ. ದಿನವೂ ಮಾಡುವವರಿಗೆ ಇಷ್ಟು ಸಾಕು. ಎದುರು ದಿಕ್ಕಿನ ಮೂರನೇ ಸುತ್ತು ಬೇಕೆನಿಸಿದರೆ ಕೆನ್ನೆಗೆ ಮಾತ್ರ ಇರಲಿ. ಗುಂಗುರು ಗಡ್ಡದವರು ಎದುರು ದಿಕ್ಕಿಗೆ ಹೋಗಲೇಬಾರದು: ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾದ ಕೂದಲು ಬೆಳೆಯುವಾಗ ಡೊಂಕಾಗಿ ಚರ್ಮದೊಳಕ್ಕೇ ನುಗ್ಗಿ ಕೀವುಗುಳ್ಳೆ ಮಾಡುತ್ತದೆ. ನೊರೆ ಇಲ್ಲದ ಜಾಗದಲ್ಲಿ ಉಳಿದ ಒಂದೆರಡು ಕೂದಲಿಗಾಗಿ ಬ್ಲೇಡು ಆಡಿಸುವ ಚಾಳಿಯೂ ಬಿಡಬೇಕು.

ಗದ್ದ, ಮೇಲ್ದುಟಿಯಲ್ಲಿ ಕೂದಲು ದಟ್ಟ. ಅವಕ್ಕೆ ಮೊದಲು ನೊರೆ ಹಚ್ಚಿ, ಕೊನೆಗೆ ಬ್ಲೇಡು ಹಿಡಿಯಿರಿ, ಹೆಚ್ಚು ಹೊತ್ತು ನೆನೆಯುತ್ತವೆ. ಗಂಟಲ ಉಬ್ಬಿನ ಮೇಲೆ ನೇರ ಎಳೆಯದೆ, ಒಂದು ಸಲ ಗುಟುಕು ನುಂಗಿ ಹಿಡಿದರೆ ಉಬ್ಬು ಮೇಲೇರಿ ಚರ್ಮ ಸಮವಾಗುತ್ತದೆ. ಇಲ್ಲವೇ ಚರ್ಮವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿಕೊಳ್ಳಿ. ಮೀಸೆ ಇಟ್ಟವರು ಬ್ಲೇಡು ಹಿಡಿಯುವ ಮೊದಲು ಹೆಬ್ಬೆರಳಿನಿಂದ ಮೀಸೆಯ ಅಂಚಿನ ನೊರೆ ಒರೆಸಿ ಗೆರೆ ಕಾಣುವಂತೆ ಮಾಡಿಕೊಳ್ಳಬೇಕು.

ಬ್ಲೇಡು ಮೂರರಿಂದ ಐದು ಶೇವಿಗೆ ಬರುತ್ತದೆ. ಎಳೆಯತೊಡಗಿದರೆ ಎಸೆಯಿರಿ, ಕಾಗದದಲ್ಲಿ ಒರೆಸಿ ಉಳಿಸಬೇಡಿ. ಟೋಪಾಜ್, ಸೆವೆನ್ ಓ ಕ್ಲಾಕ್, ಸೂಪರ್‌ಮ್ಯಾಕ್ಸ್, ವಿಲ್ಕಿನ್ಸನ್, ಯಾವುದು ಒಳ್ಳೆಯದೆಂಬುದು ನಿಮ್ಮ ಚರ್ಮಕ್ಕೆ ಬಿಟ್ಟದ್ದು. ಮೂರು ಬಗೆಯ ಸಣ್ಣ ಪ್ಯಾಕು ತಂದು, ಸೋಪು ಬ್ರಷ್ಷು ಬದಲಿಸದೆ ಒಂದೊಂದನ್ನೂ ವಾರ ಬಳಸಿ ನೋಡಿ. ಹಳೆಯ ಬ್ಲೇಡನ್ನು ಕಸದ ಚೀಲಕ್ಕೆ ಹಾಗೇ ಹಾಕಿದರೆ ಬೆಳಿಗ್ಗೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಗೆ ಒಂದು ಸೀಳು ಮಾಡಿ ಅದರೊಳಗೆ ಹಾಕುತ್ತ ಬನ್ನಿ, ವರ್ಷಗಟ್ಟಲೆ ತುಂಬುವುದಿಲ್ಲ. ತುಂಬಿದಾಗ ಸೀಳಿಗೆ ಟೇಪು ಸುತ್ತಿ, ಒಳಗೆ ಬ್ಲೇಡು ಇದೆ ಎಂದು ಬರೆದು ಪ್ರತ್ಯೇಕವಾಗಿ ಕೈಗೆ ಕೊಡಿ.

ಶೇವ್ ಮುಗಿದ ಮೇಲೆ ತಣ್ಣೀರಿನಿಂದ ತೊಳೆದು ಒದ್ದೆ ಮುಖದ ಮೇಲೆ ಪಟಿಕದ ಕಲ್ಲು ಆಡಿಸಿ. ಸಣ್ಣ ಗಾಯದ ರಕ್ತ ನಿಲ್ಲಿಸುವುದರ ಜೊತೆಗೆ ಅದು ನಿಮ್ಮ ಕೈಯ ಪರೀಕ್ಷೆಯೂ ಹೌದು. ಎಲ್ಲಿ ಹೆಚ್ಚು ಉರಿಯುತ್ತದೋ ಅಲ್ಲಿ ಒತ್ತಿದ್ದೀರಿ, ಅಥವಾ ನೊರೆ ಒಣಗಿತ್ತು. ಒಂದು ನಿಮಿಷ ಬಿಟ್ಟು ತೊಳೆಯದಿದ್ದರೆ ಚರ್ಮ ಬಿಗಿದು ಒಣಗುತ್ತದೆ. ಪಟಿಕವನ್ನು ನೀರಿನ ಪಸೆ ಇರುವಲ್ಲಿ ಬಿಟ್ಟರೆ ಕರಗುತ್ತದೆ, ಒರೆಸಿ ಇಡಿ. ಒಬ್ಬರ ಪಟಿಕ, ಒಬ್ಬರ ರೇಜರ್ ಇನ್ನೊಬ್ಬರಿಗೆ ಸಲ್ಲದು, ಹೆಪಟೈಟಿಸ್ ಬಿ ಮತ್ತು ಸಿ ರಕ್ತದಿಂದ ಹರಡುತ್ತವೆ.

ತೊಳೆದು ಒಣಗಿಸುವುದು

ಬ್ರಷ್ಷು ಹಾಳಾಗುವುದು ಬಳಸುವಾಗಿನದಕ್ಕಿಂತ ಹೆಚ್ಚಾಗಿ ಬಳಸಿ ಇಡುವಾಗ. ಬುಡದಲ್ಲಿ ಸೋಪು ಉಳಿಯದಂತೆ, ಹಿಂಡಿದ ನೀರು ತಿಳಿಯಾಗುವವರೆಗೆ ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಂಗೈಯಲ್ಲಿ ಮೆಲ್ಲಗೆ ಅದುಮಿ ನೀರು ತೆಗೆಯಿರಿ, ಬಟ್ಟೆ ಹಿಂಡಿದಂತೆ ತಿರುಚಬೇಡಿ, ಕೂದಲು ಎಳೆಯಬೇಡಿ. ನಾಲ್ಕೈದು ಸಲ ಜೋರಾಗಿ ಕೊಡವಿ, ಒಣ ಟವೆಲಿನ ಮೇಲೆ ಹಿಂದೆ ಮುಂದೆ ಆಡಿಸಿ, ನಿಲ್ಲಿಸಿಡಿ. ತಲೆಕೆಳಗಾಗಿ ತೂಗುಹಾಕಬೇಕೋ ನೇರ ನಿಲ್ಲಿಸಬೇಕೋ ಎಂದು ಜನ ವಾದಿಸುತ್ತಾರೆ. ಕೊಡವಿದ ಮೇಲೆ ಉಳಿದ ನೀರು ಕೂದಲುಗಳ ಸಂದಿನಲ್ಲಿ ಅಂಟಿ ನಿಂತಿರುತ್ತದೆ, ಹೇಗಿಟ್ಟರೂ ಕೆಳಗಿಳಿಯುವುದಿಲ್ಲ. ಬೇಕಾದದ್ದು ಗಾಳಿ. ಬಚ್ಚಲಮನೆಯ ಮುಚ್ಚಿದ ಕಪಾಟು, ಪ್ರಯಾಣದ ಪ್ಲಾಸ್ಟಿಕ್ ಕೊಳವೆ ಎರಡೂ ಒದ್ದೆ ಬ್ರಷ್ಷಿಗೆ ಶತ್ರು. ಮಳೆಗಾಲದಲ್ಲಿ ಹಜಾರದ ಫ್ಯಾನಿನ ಕೆಳಗೆ ಇಡಿ, ಸಾಧ್ಯವಾದರೆ ಎರಡು ಬ್ರಷ್ಷನ್ನು ದಿನ ಬಿಟ್ಟು ದಿನ ಬಳಸಿ. ನೇರ ಬಿಸಿಲು, ಹೇರ್ ಡ್ರೈಯರ್ ಬೇಡ.

ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿದ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆ. ಗಡಸು ನೀರಿನ ಗಸಿ ಅದಕ್ಕೆ ಬಗ್ಗುವುದಿಲ್ಲ. ಬುಡದ ಹತ್ತಿರ ಬಿಳಿ ಪುಡಿ ಕಂಡರೆ ಒಂದು ಪಾಲು ಬಿಳಿ ವಿನೆಗರ್, ಹತ್ತು ಪಾಲು ಬೆಚ್ಚಗಿನ ನೀರು ಬೆರೆಸಿ ಹತ್ತು ನಿಮಿಷ ಕುಚ್ಚು ಮಾತ್ರ ಅದ್ದಿ, ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಮೂರು ತಿಂಗಳಿಗೊಮ್ಮೆ ಸಾಕು, ಪದೇ ಪದೇ ಮಾಡಿದರೆ ಕೂದಲು ಪೆಡಸಾಗುತ್ತದೆ.

ಹೀಗೆ ನೋಡಿಕೊಂಡ ಬೋರ್ ಬ್ರಷ್ಷು ಹಲವು ವರ್ಷ ಬಾಳುತ್ತದೆ. ಕೂದಲು ನಡುವೆಯೇ ಮುರಿದು ಕುಚ್ಚು ತೆಳ್ಳಗಾದರೆ ಅದರ ಕಾಲ ಮುಗಿಯಿತು. ಕೂದಲೆಲ್ಲ ಗಟ್ಟಿಯಾಗಿದ್ದು ಕುಚ್ಚು ಇಡಿಯಾಗಿ ಹಿಡಿಯಿಂದ ಕಳಚಿ ಬಂದರೆ ಎಸೆಯಬೇಡಿ. ಹಿಡಿಯ ಗುಳಿಯಲ್ಲಿರುವ ಹಳೆಯ ಅಂಟನ್ನು ಕೆರೆದು ತೆಗೆದು, ಕುಚ್ಚು, ಗುಳಿ ಎರಡನ್ನೂ ಎರಡು ದಿನ ಒಣಗಿಸಿ, ನೀರು ತಡೆಯುವ ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಗುಳಿಯ ತಳಕ್ಕೆ ತೆಳ್ಳಗೆ ಹಚ್ಚಿ ಕೂರಿಸಿ. ಅಂಟು ಮೇಲಕ್ಕೆ ಉಕ್ಕಿ ಕೂದಲಿಗೆ ಹತ್ತದಂತೆ ನೋಡಿಕೊಂಡು, ಕುಚ್ಚು ನೆಟ್ಟಗಿದೆಯೇ ಎಂದು ನಾಲ್ಕೂ ಕಡೆಯಿಂದ ಪರೀಕ್ಷಿಸಿ, 24 ಗಂಟೆ ಮುಟ್ಟದೆ ಬಿಡಿ.